ಬೆನ್ನ ಮೇಲಿನ ಗೆರೆಗಳು

ಶೈಲಜಾ, ನೀನು ನನ್ನ ಮೇಲೆ ಎಂದೂ ಕೈ ಎತ್ತಿಲ್ಲ. ಎತ್ತಿದ್ದೀಯ ಎಂದು ನನ್ನ ಮಗನೂ ಮಗಳೂ ನಂಬುವಂತೆ ಮಾಡಿದವಳು ನಾನು — ನಿನ್ನ ಅತ್ತೆ. ಅವತ್ತು ನನ್ನ ಬೆನ್ನ ಮೇಲಿದ್ದ ಕೆಂಪು ಗೆರೆಗಳನ್ನು ನಾನೇ ಹೋಗಿ ಎಳೆಸಿಕೊಂಡು ಬಂದಿದ್ದೆ, ಚೀನಾದ ಮಾಲೀಶಿನ ಹೆಂಗಸಿನ ಕೈಯಲ್ಲಿ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ. ನಾಲ್ಕು ದೀಪಾವಳಿ ಕಳೆದುಹೋದವು.

ಇದನ್ನು ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಟೈಪ್ ಮಾಡುವುದನ್ನು ನಿನ್ನ ಮಗಳೇ ಕಲಿಸಿದಳು. ಅಜ್ಜಿ ಎಲ್ಲರಿಗೂ ಗುಡ್ ಮಾರ್ನಿಂಗ್ ಹೂವು ಕಳಿಸಿಕೊಂಡಿರಲಿ ಎಂದು ಪಾಪ ತನ್ವಿ ಅಂದುಕೊಂಡಿದ್ದಳು. ಅಜ್ಜಿ ಬರೆಯುತ್ತಿರುವುದು ಇದನ್ನು.

ನನಗೆ ಕೋಪ ಬಂದಿದೆ. ರಘು ಮೇಲೆ — ಕಟ್ಟಿಕೊಂಡ ಹೆಂಡತಿಯನ್ನು ಅಂಥ ಪ್ರಶ್ನೆ ಕೇಳಿದ್ದಕ್ಕೆ. ಉಮಾ ಮೇಲೆ — ನಂಬುವುದಕ್ಕೆ ಒಂದು ನಿಮಿಷವೂ ತೆಗೆದುಕೊಳ್ಳದೆ ಹೋದದ್ದಕ್ಕೆ. ನಿನ್ನ ಮೇಲೂ ಇತ್ತು, ಯಾಕೆ ಸುಮ್ಮನಿದ್ದೆ ಎಂದು. ಅದು ಅನ್ಯಾಯದ ಕೋಪ. ಎಲ್ಲ ಸುತ್ತಿ ಬಂದು ಕೊನೆಗೆ ಕೂರುವುದು ನನ್ನ ಮೇಲೇ — ಅಲ್ಲಿಂದ ಏಳುವುದೇ ಇಲ್ಲ.

ಆ ವರ್ಷ ನನ್ನ ಬಲಭುಜ ಹಿಡಿದುಕೊಂಡು ಕೈ ಮೇಲಕ್ಕೆ ಏಳುತ್ತಿರಲಿಲ್ಲ. ಆಫೀಸಿಗೆ ಹೊರಡುವ ಮುಂಚೆ ನೀನೇ ದಿನಾ ನನ್ನ ತಲೆ ಬಾಚಿ ಗಂಟು ಕಟ್ಟುತ್ತಿದ್ದೆ. ಮಾತ್ರೆ, ಐಸು, ಫಿಸಿಯೋಥೆರಪಿ ಯಾವುದಕ್ಕೂ ಅದು ಬಗ್ಗಲಿಲ್ಲ. ಇಲ್ಲೇ, ಅಮೆರಿಕದ ಈ ನೋವೈ ಊರಿನಲ್ಲೇ, ಇಂಡಿಯನ್ ಗ್ರೋಸರಿ ಅಂಗಡಿಯ ಸಾಲಿನಲ್ಲೇ, ಚೀನೀ ವೈದ್ಯದ ಮಾಲೀಶು ಮಾಡುವ ಹೆಂಗಸೊಬ್ಬಳಿದ್ದಾಳೆ, ನಿನ್ನ ಕತ್ತುನೋವು ಅವಳ ಕೈಯಲ್ಲೇ ಹೋಯಿತು ಎಂದು ನೀನು ಹೇಳಿದೆ.

"ಒಂದ್ಸಲ ಬನ್ನಿ ಅತ್ತೆ, ನಾನೇ ಕರ್ಕೊಂಡು ಹೋಗ್ತೀನಿ."

"ಕಂಡೋರ ಕೈಲಿ ಮೈ ಮುಟ್ಟಿಸ್ಕೊಳ್ಳೋ ಗತಿ ನಂಗಿನ್ನೂ ಬಂದಿಲ್ಲ. ಸೊಸೆ ಅನ್ನೋಳು ಸರಿಯಾಗಿದ್ರೆ ಮನೇಲೇ ಎಣ್ಣೆ ತಿಕ್ಕೋಳು" ಎಂದೆ, ಭಜನೆಗೆ ಬಂದಿದ್ದ ಹೆಂಗಸರೆಲ್ಲರ ಎದುರಿಗೆ. ಅವರು ನಕ್ಕರು. ನೀನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಮುಂದಿನ ವಾರವೇ ನಾನು ಹೋದೆ. ಕದ್ದು. ಪಕ್ಕದ ಬೀದಿಯ ವಿಮಲಾ ಡ್ರೈವ್ ಮಾಡಿದಳು. ಮನೆಯಲ್ಲಿ ಹೇಳಿದ್ದು ಗುಡಿಗೆ, ಪಾರಾಯಣಕ್ಕೆ ಎಂದು. ಸ್ಕೂಲು ತಪ್ಪಿಸಿದ ಹುಡುಗಿಯರ ಹಾಗೆ ದಾರಿಯುದ್ದಕ್ಕೂ ನಕ್ಕಿದ್ದೇ ನಕ್ಕಿದ್ದು. ಬರುವಾಗ ವಿಮಲಾಳ ಪರ್ಸಿನಲ್ಲಿದ್ದ ಕುಂಕುಮವನ್ನು ಹಣೆಗೆ ಇಟ್ಟುಕೊಂಡೆ. ಎಂಥ ಬುದ್ಧಿವಂತಿಕೆ, ನೋಡು.

ನೋವು ಭುಜದಲ್ಲಿದ್ದರೆ ಆ ಹೆಂಗಸು ಮೊದಲು ಒತ್ತಿದ್ದು ಮೊಣಕಾಲಿನ ಕೆಳಗೆ. ಅಲ್ಲಿ ಹೆಬ್ಬೆರಳು ಊರಿಕೊಂಡೇ ಕೈ ಎತ್ತು ಎಂದು ಸನ್ನೆ ಮಾಡಿದಳು. ಎತ್ತಿದೆ — ಕಿವಿಯ ತನಕ ಬಂತು. ಆಮೇಲೆ ಭುಜ, ಕತ್ತು ಎಲ್ಲ ನಾದಿ, ಬೆನ್ನಿಗೆ ಎಣ್ಣೆ ಸವರಿ, ನುಣುಪಾದ ಕೊಂಬಿನ ತುಂಡಿನಿಂದ ಮೇಲಿಂದ ಕೆಳಕ್ಕೆ ಗೀರಿದಳು. ಗೀರಿದಲ್ಲೆಲ್ಲ ಕೆಂಪು ಗೆರೆ ಏಳುತ್ತದೆ, ಕೆಲವು ದಿನಗಳಲ್ಲಿ ತಾನೇ ಮಾಯುತ್ತದೆ. ಗೊತ್ತಿಲ್ಲದವರಿಗೆ ಬೆತ್ತದಲ್ಲಿ ಬಾರಿಸಿದ ಹಾಗೆ ಕಾಣುತ್ತದೆ.

ಮತ್ತೆ ಮತ್ತೆ ಹೋದೆ. ಕೈ ಸಲೀಸಾಯಿತು. ಆದರೂ ಬೆಳಿಗ್ಗೆ ನಿನ್ನ ಮುಂದೆ ಅಯ್ಯೋ ಅಮ್ಮಾ ಎನ್ನುತ್ತ ಕೂತು ತಲೆ ಬಾಚಿಸಿಕೊಳ್ಳುತ್ತಿದ್ದೆ. ನಿನ್ನ ಮಾತೇ ಸರಿ ಎಂದು ಒಪ್ಪಿಕೊಳ್ಳುವುದಕ್ಕಿಂತ ನರಳುವುದು ನನಗೆ ಸುಲಭವಾಗಿತ್ತು.

ದೀಪಾವಳಿಗೆ ಉಮಾ ತನ್ನ ಊರು ಅರೋರಾದಿಂದ ಬಂದಳು. ನರಕ ಚತುರ್ದಶಿಯ ಬೆಳಿಗ್ಗೆ, ಅಮ್ಮನಿಗೆ ಎಣ್ಣೆ ಹಚ್ಚುವುದು ನಾನೇ ಎಂದು ಬಟ್ಟಲು ಹಿಡಿದು ನಿಂತಳು. ಹಿಂದಿನ ದಿನವಷ್ಟೇ ಬೆನ್ನು ಗೀರಿಸಿಕೊಂಡು ಬಂದಿದ್ದೆ — ಎಣ್ಣೆಸ್ನಾನ ಇದೆ ಎಂಬುದು ನನ್ನ ಮಂಡೆಗೆ ಹೊಳೆದೇ ಇರಲಿಲ್ಲ. ರವಿಕೆ ಸರಿಸಿದವಳ ಕೈ ಅಲ್ಲೇ ನಿಂತಿತು.

"ಅಮ್ಮ, ಯಾರು ಹೊಡೆದಿದ್ದು?"

ನಿಜ ಬಾಯಿಯ ತನಕ ಬಂದಿತ್ತು. ಹೇಳಿದರೆ ನೀನು ಗೆದ್ದ ಹಾಗೆ. ಭಜನೆಯ ಹೆಂಗಸರೆಲ್ಲ ನನ್ನನ್ನು ನೋಡಿ ನಗುತ್ತಾರೆ... "ಬಿಡು, ಹಬ್ಬದ ದಿನ" ಎಂದೆ. ಅಷ್ಟೇ ಸಾಕಾಯಿತು ಅವಳಿಗೆ. ಫೋಟೋ ತೆಗೆದುಕೊಂಡು ನೇರ ಅಡುಗೆಮನೆಗೆ ನಡೆದಳು. ನಾನು ಅವಳ ಹಿಂದೆ. ನೀನು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ರಘು ಅವಳ ಕೈಯಿಂದ ಫೋನ್ ತೆಗೆದುಕೊಂಡು ನಿನ್ನ ಮುಖಕ್ಕೆ ಹಿಡಿದ.

"ಏನಿದು ಶೈಲು? ಅಮ್ಮನ ಮೇಲೆ ಕೈ ಮಾಡಿದ್ಯಾ?"

ನೀನು ಫೋಟೋ ನೋಡಿದೆ. ಒಲೆ ಆರಿಸಿ ನನ್ನ ಕಡೆ ತಿರುಗಿ, "ಅತ್ತೆ, ನೀವೇ ಹೇಳಿ" ಎಂದೆ.

ನಾನು ಹೇಳಿದೆ — "ನನ್ನನ್ನೇನೂ ಕೇಳ್ಬೇಡ್ರಪ್ಪ. ನಂಗೆ ಇರೋದಕ್ಕೆ ಒಂದು ಜಾಗ ಬೇಕು."

ಎಲ್ಲಿಂದ ಬಂತು ಈ ಮಾತು? ಯಾರೂ ಹೇಳಿಕೊಟ್ಟಿರಲಿಲ್ಲ. ಅದರಲ್ಲಿ ಒಂದು ಸುಳ್ಳು ಪದವೂ ಇಲ್ಲ, ಅದಕ್ಕೇ ಅದರ ಮೇಲೆ ನನಗೆ ಇಷ್ಟು ಸಿಟ್ಟು. ಸುಳ್ಳು ಹೇಳಿದ್ದರೆ ಎಂದಾದರೂ ಸಿಕ್ಕಿಬೀಳುತ್ತಿದ್ದೆ.

ಉಮಾ ಊಟಕ್ಕೂ ನಿಲ್ಲದೆ ಹೊರಟಳು. ಇವತ್ತಿನವರೆಗೆ ನಿನ್ನ ಜೊತೆ ಮಾತಾಡಿಲ್ಲ. ತನ್ನ ಜೊತೆ ಬಾ ಎಂದು ನನ್ನನ್ನು ಕರೆದಳು, ನಾನು ಹೋಗಲಿಲ್ಲ. ಅಮ್ಮ ಎಲ್ಲ ಸಹಿಸಿಕೊಂಡಿದ್ದಾಳೆ ಎಂದು ಗೆಳತಿಯರ ಹತ್ತಿರ ಹೇಳಿಕೊಂಡಳಂತೆ. ಆ ಹೊಗಳಿಕೆಯನ್ನೂ ನಾಚಿಕೆಯಿಲ್ಲದೆ ಇಟ್ಟುಕೊಂಡೆ. ನಿಜ ಹೇಳು ಎಂದು ವಿಮಲಾ ಬೈದಾಗ ಅವಳಿಂದ ಆಣೆ ಹಾಕಿಸಿ ಬಾಯಿ ಮುಚ್ಚಿಸಿದೆ.

ಮತ್ತೆ ನೀನು — ಬಿಸಿ ಚಪಾತಿ ಮೊದಲಿನಂತೆಯೇ ಬಡಿಸುತ್ತೀಯ. ಅತ್ತೆ ಎನ್ನುತ್ತೀಯ. ಆದರೆ ಅವತ್ತಿನಿಂದ ಒಮ್ಮೆಯೂ ನನ್ನ ತಲೆ ಬಾಚಿಲ್ಲ. ನಾನೊಬ್ಬಳೇ ಇರುವ ಕೋಣೆಗೆ ಬಂದರೆ ಬಾಗಿಲು ಪೂರ್ತಿ ತೆರೆದಿಟ್ಟು, ಎಲ್ಲರಿಗೂ ಕಾಣುವ ಹಾಗೆ ನಿಲ್ಲುತ್ತೀಯ. "ಅಜ್ಜೀ, ವೈ ಡಸ್ ಮಾಮ್ ಆಲ್ವೇಸ್ ಡೂ ದಟ್?" ಎಂದು ತನ್ವಿ ಕೇಳಿದಳು. ಗಾಳಿ ಬರಲಿ ಅಂತ, ಎಂದೆ.

ಹೋದ ವಾರ ನೀನು ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಾಗ, ಸ್ವೆಟರಿನ ಅಂಚಿನ ಮೇಲೆ ನಿನ್ನ ಕತ್ತಿನಲ್ಲಿ ಅದೇ ಕೆಂಪು ಗೆರೆ ಕಂಡಿತು.

"ಹಾಗಾದ್ರೆ ಆ ಫೋಟೋ ನೋಡಿದಾಗ್ಲೇ ನಿಂಗೆ ಗೊತ್ತಾಗಿತ್ತಾ?"

"ಗೊತ್ತಾಗಿತ್ತು ಅತ್ತೆ."

"ಮತ್ತೆ ರಘುಗೆ ಯಾಕೆ ಹೇಳ್ಲಿಲ್ಲ?"

"ಹೇಳ್ದೆ. ಅಮ್ಮ ಯಾಕೆ ಸುಳ್ಳು ಹೇಳ್ತಾರೆ ಅಂದ್ರು."

ಇಂಡಿಕೇಟರ್ ಹಾಕಿ ಎಕ್ಸಿಟ್ ತಗೊಂಡೆ ನೀನು.

ನಿನ್ನೆ ಉಮಾಗೆ ಫೋನ್ ಮಾಡಿ ಎಲ್ಲ ಹೇಳಿದೆ — ಮಾಲೀಶು, ಕೊಂಬಿನ ತುಂಡು, ವಿಮಲಾ, ಎಲ್ಲ. ಅವಳು ದನಿ ತಗ್ಗಿಸಿ ಕೇಳಿದಳು: "ಅಮ್ಮ, ಅವಳು ಪಕ್ಕದಲ್ಲಿ ನಿಂತಿದಾಳಾ? ಹೆದರ್ಕೋಬೇಡ. ಹೂಂ ಅನ್ನು, ಸಾಕು."

ಮೈಯೆಲ್ಲ ಉರಿದುಹೋಯಿತು. ಅವಳನ್ನು ಬಾಯಿಗೆ ಬಂದಂತೆ ಬೈದೆ. ಬೈಯುತ್ತ ಬೈಯುತ್ತಲೇ ಅನ್ನಿಸಿತು — ಇವಳಿಗೆ ಇದನ್ನು ಕಲಿಸಿದವಳು ನಾನೇ ಅಲ್ಲವಾ.

ರಘುಗೆ ಇವತ್ತು ಬೆಳಿಗ್ಗೆ ಹೇಳಿದೆ. ಕಾರಿನ ಕೀ ಕೈಯಲ್ಲಿ ಹಿಡಿದು ನಿಂತೇ ಇದ್ದ. ನಿನಗೆ ಅವನು ಏನು ಹೇಳುತ್ತಾನೋ, ನಾನು ನಡುವೆ ಬರುವುದಿಲ್ಲ.

ಉಮಾಳನ್ನು ಶನಿವಾರ ಬರಹೇಳಿದ್ದೇನೆ. ಆ ಮಾಲೀಶಿನ ಹೆಂಗಸಿನ ಕೋಣೆಯಲ್ಲಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಅವಳ ಎದುರಿಗೇ ಬೆನ್ನು ಕೊಡುತ್ತೇನೆ. ಗೆರೆ ಹೇಗೆ ಏಳುತ್ತದೆ ಎಂದು ಕಣ್ಣಾರೆ ನೋಡಲಿ. ನೀನು ಬರಬೇಡ. ನಿನ್ನ ಮೇಲೆ ಹೊರಿಸಿದ್ದನ್ನು ಇಳಿಸುವುದಕ್ಕೂ ನೀನೇ ಕಾರು ಓಡಿಸಬೇಕೆ?

ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ನಿನ್ನಿಂದ ಮತ್ತೆ ಏನೋ ಕೇಳಿದ ಹಾಗಾಗುತ್ತದೆ. ನೋಡಿದ ಮೇಲೂ ಉಮಾ ನಂಬದಿದ್ದರೆ ಇನ್ನೊಮ್ಮೆ ಬಾ ಎನ್ನುತ್ತೇನೆ, ಇನ್ನೊಮ್ಮೆ ಬೆನ್ನು ಕೊಡುತ್ತೇನೆ. ಅವಳು ನಿನಗೆ ಫೋನ್ ಮಾಡುವ ತನಕ.