ಕಾಶೀಬಾಯಿ ಕಾಕು ಬೆಳಗಿದ ತಾಳಗಳು

ಯಾರಾದರೂ ಕುರ್ಚಿಯಿಂದ ಎದ್ದ ಕೂಡಲೇ ಕಾಶೀಬಾಯಿ ಕಾಕು ಆ ಕುರ್ಚಿಯನ್ನು ಒರೆಸುತ್ತಿದ್ದರು. ಅದಕ್ಕೆಂದೇ ಅವರ ಹೆಗಲ ಮೇಲೆ ಸದಾ ಹಳೇ ಧೋತರದ ತುಂಡೊಂದು ಇರುತ್ತಿತ್ತು. ಎದ್ದವರು ಹೊಸ್ತಿಲು ದಾಟುವವರೆಗೂ ಅವರಿಗೆ ತಡೆಯಲು ಆಗುತ್ತಿರಲಿಲ್ಲ. ಬೆನ್ನ ಹಿಂದೆಯೇ ಸರ್ ಸರ್ ಎಂದು ಬಟ್ಟೆಯಾಡುವ ಸಪ್ಪಳ ಕೇಳುತ್ತಿತ್ತು. ಮೊದಲ ದಿನ ಆ ಸಪ್ಪಳ ನನ್ನ ಬೆನ್ನ ಹಿಂದೆ ಕೇಳಿದಾಗ ಎದೆ ಧಸಕ್ಕೆಂದಿತು.

ಹಾಗಾಗಲು ಕಾರಣವಿತ್ತು. ನಾನಾಗ ಇಂಡಿ ಊರಿನ ಹೈಸ್ಕೂಲಿಗೆ ವಿಜ್ಞಾನದ ಶಿಕ್ಷಕಿಯಾಗಿ ಬಂದ ಹೊಸತು. ಬಾಡಿಗೆ ಮನೆಗಾಗಿ ಓಣಿ ಓಣಿ ತಿರುಗಿದ್ದೆ. ಎಲ್ಲ ಕಡೆಯೂ ಮೊದಲು ನೀರಿನ ಮಾತು, ಲೈಟಿನ ಮಾತು, ಆಮೇಲೆ ಮೆಲ್ಲಗೆ 'ನೀವು ಯಾವ ಪೈಕಿ?' ಎಂಬ ಪ್ರಶ್ನೆ. ಬೌದ್ಧರು, ಸಿಂದಗಿಯವರು ಎಂದು ಹೇಳಿದ ಮರುಗಳಿಗೆ ಆ ಮನೆ ಯಾರದೋ ತಮ್ಮನ ಮಗನಿಗೆ ಬೇಕಾಗಿಬಿಡುತ್ತಿತ್ತು. ಹೀಗಾಗಿ ಕಾಶೀಬಾಯಿಯವರ ಪಡಸಾಲೆಯಲ್ಲಿ ಕುಳಿತಾಗ ಅವರು ಕೇಳುವ ಮೊದಲೇ ನಾನೇ ಹೇಳಿಬಿಟ್ಟೆ.

"ನಾ ಅಡಗಿ ಭಾಂಡೆ ಬಾಡಿಗಿ ಕೊಡಾಕಿರಿ ಅಕ್ಕೋರ," ಎಂದರು. "ಒಯ್ಯೂಮುಂದ ಯಾರ ಮನಿ ಲಗ್ನ ಅಂತ ಕೇಳೂದಿಲ್ಲ. ತಿರಗಿ ತಂದಾಗ ತೊಳದು ತಂದಾರೋ ಇಲ್ಲೋ, ಅದಷ್ಟ ನೋಡತೇನಿ."

ಕೀಲಿಕೈ ಕೊಟ್ಟರು. ನಾನು ಎದ್ದೆ. ಆಗಲೇ ಆ ಸಪ್ಪಳ ಕೇಳಿದ್ದು. ಬಾಯಿ ಒಂದು ಹೇಳುತ್ತದೆ, ಕೈ ಇನ್ನೊಂದು ಹೇಳುತ್ತದೆ ಅಂದುಕೊಂಡು, ತಿರುಗಿ ನೋಡದೆ ಬಂದೆ.

ಅವರ ಮನೆಯ ಹಿಂಭಾಗದ ಎರಡು ಕೋಣೆ ನನ್ನ ಪಾಲಿಗೆ ಬಂದವು. ನಡುವಿನ ಅಂಗಳ ಇಬ್ಬರಿಗೂ ಸೇರಿದ್ದು. ಆ ಅಂಗಳದಲ್ಲೇ ಕಾಕು ಅವರ ದರಬಾರು. ಲಗ್ನ, ಸೀಮಂತ, ತೊಟ್ಟಿಲು ಎಂದು ಬಾಡಿಗೆಗೆ ಹೋದ ಹಂಡೆ, ಅಗಲ ತಟ್ಟೆಯಂಥ ಪರಾತ, ಕೊಪ್ಪರಿಗೆಗಳನ್ನು ಅವರ ಗಂಡ ಕಾಕಾ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಹೇರಿಕೊಂಡು ಬಂದು ಇಳಿಸುತ್ತಿದ್ದರು. ಒಯ್ದವರು ಎಷ್ಟೇ ಚೆನ್ನಾಗಿ ತೊಳೆದು ಕಳಿಸಿದ್ದರೂ ಕಾಕು ಮತ್ತೊಮ್ಮೆ ಬೆಳಗದೆ ಒಳಗಿಡುತ್ತಿರಲಿಲ್ಲ. ಇಂಡಿಯಲ್ಲಿ ನಿಂಬೆಹಣ್ಣಿಗೇನು ಬರ? ಪೇಟೆಯಲ್ಲಿ ಮಾರದೆ ಉಳಿದ ಕೊಳೆತ, ಒಡೆದ ಹಣ್ಣುಗಳ ಚೀಲ ಅವರ ಅಂಗಳದ ಮೂಲೆಯಲ್ಲಿ ಇದ್ದೇ ಇರುತ್ತಿತ್ತು. ಅರ್ಧ ಹೋಳನ್ನು ಬೂದಿಗೆ ಅದ್ದಿ, ಕುಕ್ಕರುಗಾಲಲ್ಲಿ ಕುಳಿತು, ತಾಮ್ರ ಹಿತ್ತಾಳೆಯ ಮೈಮೇಲೆ ಅವರು ಕೈಯಾಡಿಸುವುದನ್ನು ನೋಡಬೇಕು. ಎಮ್ಮೆ ಮೈ ತೊಳೆಯುವವರ ಹಾಗೆ ಪಾತ್ರೆಯ ಜೊತೆ ಮಾತಾಡುತ್ತಲೇ ತಿಕ್ಕುತ್ತಿದ್ದರು. "ಧೂಳಿಗೆ ಹಬ್ಬ ಇಲ್ಲ, ಅಮಾಸಿ ಇಲ್ಲ. ಅದು ಸೂಟಿ ತಗೊಂಡ್ರ ನಾನೂ ತಗೋತೇನಿ," ಎಂಬುದು ಅವರ ಮಾತು.

ನನ್ನ ಅನುಮಾನ ಮಾತ್ರ ಹೋಗಿರಲಿಲ್ಲ. ಅವರ ಪಡಸಾಲೆಗೆ ಹೋದರೆ ನಿಂತೇ ಮಾತಾಡಿ ಬರುತ್ತಿದ್ದೆ. ಒಂದು ದಿನ ಹೂವಿನ ಹಿಪ್ಪರಗಿಯಿಂದ ಅವರ ಅಣ್ಣ ಬಂದರು. ಹೊಲ ಮನೆ ಜೋರಾಗಿದ್ದ ದೊಡ್ಡ ಆಳು, ಬಿಳಿ ಧೋತರ, ಊರಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥವರು. ನೀರಿನ ಪಾಳಿ ಕೇಳಲು ನಾನು ಬಾಗಿಲಲ್ಲಿ ನಿಂತಿದ್ದೆ. ಅಣ್ಣ ಚಹಾ ಕುಡಿದು ಎದ್ದರು. ಕಾಕು ಹೆಗಲ ಬಟ್ಟೆ ತೆಗೆದು, ಅಣ್ಣನ ಎದುರಿಗೇ, ಕುರ್ಚಿಯ ಕೈ, ಬೆನ್ನು, ಕಾಲು ಎಲ್ಲ ಒರೆಸತೊಡಗಿದರು. ಅಣ್ಣನ ಮುಖ ಕೆಂಪಾಯಿತು. ನಾನೇನು ಸಗಣಿಯಲ್ಲಿ ಬಿದ್ದು ಬಂದೀನೇನು ಎಂದು ಕೇಳಿದರು.

"ಬಸ್ಸಿನ್ಯಾಗ ಬಂದೀ ಅಲ್ಲೋ ಯಣ್ಣಾ," ಎಂದರು ಕಾಕು, ತಲೆಯೆತ್ತದೆ. "ಧೋತರ ಹಿಂದ ತಿರುವಿ ನೋಡಕೋ."

ಅಣ್ಣ ನಿಜವಾಗಿಯೂ ತಿರುಗಿ ನೋಡಿಕೊಂಡರು. ನಾನು ಪಾಳಿಯ ಮಾತು ಮರೆತು ಕೋಣೆಗೆ ಬಂದು, ಬಾಗಿಲು ಹಾಕಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಎಷ್ಟೋ ತಿಂಗಳಿಂದ ಹೊತ್ತಿದ್ದ ಭಾರ ಇಳಿದ ನಗು ಅದು. ಮರುದಿನದಿಂದ ಅವರ ಮನೆಯ ಕುರ್ಚಿಯಲ್ಲಿ ಆರಾಮಾಗಿ ಕುಳಿತೆ. ಎದ್ದಾಗ ಅವರು ಒರೆಸಿದರು. ಒರೆಸಲಿ ಬಿಡು ಅನ್ನಿಸಿತು.

ಅಪ್ಪನ ಡ್ರಮ್ ಸೆಟ್ ಇಂಡಿಗೆ ಬಂದದ್ದು ಆಮೇಲೆ. ಅಪ್ಪ ಸಿಂದಗಿಯಲ್ಲಿ ನಮ್ಮ ವಿಹಾರದ ಹಾಡಿನ ಮೇಳದಲ್ಲಿ ಡ್ರಮ್ ಬಾರಿಸುತ್ತಿದ್ದ. ನಮ್ಮಜ್ಜ ಹಲಗಿ ಬಾರಿಸಿದವನು. ಅಪ್ಪ ಹಟ ಹಿಡಿದು, ಸೊಲ್ಲಾಪುರದ ಬ್ಯಾಂಡಿನವರ ಹತ್ತಿರ ಹಳೆಯ ಸೆಟ್ ಕೊಂಡು, ತಾನೇ ಕಲಿತವನು. ಊರ ಮನೆಯ ಮಣ್ಣಿನ ಮಾಳಿಗೆ ತೆಗೆಸಿ ಸ್ಲ್ಯಾಬ್ ಹಾಕಿಸುವಾಗ, ಧೂಳು ನೀರು ತಾಗದಿರಲೆಂದು ಸೆಟ್ ನನ್ನ ಕೋಣೆಗೆ ಬಂತು. ಜೊತೆಗೆ ಅಪ್ಪನ ಕಟ್ಟಳೆಗಳೂ ಬಂದವು. ಪ್ರತಿ ರವಿವಾರ ಫೋನು. ಗೋಡೆಗೆ ತಾಗಿಸಿ ಇಡಬೇಡ. ಬೋಲ್ಟುಗಳನ್ನು ಚಾವಿಯಿಂದ ಎದುರುಬದುರಾಗಿ ಸಡಿಲಿಸು, ಒಂದೇ ಕಡೆಯಿಂದ ಬಿಚ್ಚಿದರೆ ಡ್ರಮ್ಮಿನ ಬಾಯಿಯ ಬಳೆ ಸೊಟ್ಟಗಾಗುತ್ತದೆ. ಬೋಲ್ಟಿನ ಸುತ್ತು ಒರೆಸಿ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡು. ಕಾಲಿನ ಪೆಡಲ್ ಕಿರ್ ಅನ್ನುತ್ತಿದ್ದರೆ ಸ್ಪ್ರಿಂಗಿಗೂ ಒಂದು ಹನಿ. ಸಣ್ಣ ಡ್ರಮ್ಮಿನ ಕೆಳಗಿನ ತಂತಿಗಳಿಗೆ ಬಟ್ಟೆ ಸಿಕ್ಕದಂತೆ ಬ್ರಷ್ ಆಡಿಸು. ಕಂಬಕ್ಕೆ ಏರಿಸುವ ಕಂಚಿನ ತಾಳಗಳನ್ನು ಮಾತ್ರ ಮೆತ್ತನೆ ಬಟ್ಟೆಯಿಂದ, ಗೆರೆ ಹೋದ ಕಡೆಗೇ ಸುತ್ತಿ ಒರೆಸು. ಹುಳಿ, ಬೂದಿ ಸೋಕಿಸಬೇಡ. ಆ ಕಪ್ಪಿನೊಳಗೇ ದನಿ ಕೂತಿದೆ ಎನ್ನುತ್ತಿದ್ದ. ಹಾಗೆಯೇ ಒಂದು ರವಿವಾರ, ಹೆಗಲ ನೋವು ಹೆಚ್ಚಾಗಿದೆ, ಈ ಏಪ್ರಿಲಿನ ಜಯಂತಿಯೇ ಕೊನೆ, ಆಮೇಲೆ ಸೆಟ್ ಮೇಳಕ್ಕೆ ಕೊಟ್ಟುಬಿಡುತ್ತೇನೆ ಎಂದೂ ಹೇಳಿದ. ನಾನು ಮಾತು ಬದಲಿಸಿದೆ.

ನಾನು ಒರೆಸುವಾಗ ಕಾಕು ಹೊಸ್ತಿಲಲ್ಲಿ ಕುಳಿತು ನೋಡುತ್ತಿದ್ದರು. ತಾಳಗಳಿಗೆ ಅವರು ಇಟ್ಟ ಹೆಸರು ಪರಾತ. ಆ ಪರಾತಗಳಿಗೆ ಕಿಲುಬು ಹತ್ತಿದೆ, ಊಟಕ್ಕೆ ಬಳಸುವಂಥವಲ್ಲ ನಿಜ, ಆದರೂ ಕಣ್ಣಿಗೆ ತ್ರಾಸ ಎಂದು ಗೊಣಗುತ್ತಿದ್ದರು. ಇರಲಿ ಬಿಡ್ರಿ ಕಾಕು ಎಂದು ನಾನು ನಗುತ್ತಿದ್ದೆ.

ಮಾರ್ಚಿನಲ್ಲಿ ಮುದ್ದೇಬಿಹಾಳದಲ್ಲಿ ನಮಗೊಂದು ವಾರದ ತರಬೇತಿ ಇತ್ತು. ನಳ ಬಂದರೆ ನೀರು ತುಂಬಿಸಲೆಂದು ಕೀಲಿಕೈ ಕಾಕು ಕೈಗೆ ಕೊಟ್ಟು ಹೋದೆ. ತಿರುಗಿ ಬಂದದ್ದು ಸಂಜೆಯ ಬಿಸಿಲಿನಲ್ಲಿ. ಅಂಗಳದ ಕಟ್ಟೆಯ ಮೇಲೆ, ತೊಳೆದ ಸೀರೆ ಹಾಸಿ, ಅಪ್ಪನ ತಾಳಗಳನ್ನು ಸಾಲಾಗಿ ಒಣಗಲು ಇಟ್ಟಿದ್ದರು. ನೋಡಿದರೆ ಕಣ್ಣು ಕೋರೈಸುತ್ತಿತ್ತು. ಇಷ್ಟು ವರ್ಷದ ಕಪ್ಪು ಹೋಗಿತ್ತು. ಕೋಲು ಬಿದ್ದು ಬಿದ್ದು ಆಗಿದ್ದ ಗುರುತು ಹೋಗಿತ್ತು. ಕಂಪನಿಯ ಅಚ್ಚೂ ಅಳಿಸಿಹೋಗಿತ್ತು. ಕಾಕು ಪಕ್ಕದಲ್ಲಿ ನಿಂತು, ಕೂಸಿಗೆ ನೀರೆರೆದು ತಂದವರ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಇವನ್ನ ಮುಟ್ಟಂತ ಯಾರು ಹೇಳಿದ್ರಿ ನಿಮಗ?" ಎಂದೆ.

ನನ್ನ ದನಿ ನನಗೇ ಒರಟಾಗಿ ಕೇಳಿತು. ಅವರ ಮುಖ ಇಳಿಯಿತು. ಅಪ್ಪನ ಕಟ್ಟಳೆಯನ್ನೂ ಕಪ್ಪಿನ ವಿಷಯವನ್ನೂ ನಾನು ಹೇಳುತ್ತ ಹೋದ ಹಾಗೆ ಅವರು ಹೆಗಲ ಬಟ್ಟೆಯನ್ನು ಕೈಗೆ ಸುತ್ತಿಕೊಳ್ಳುತ್ತ ನಿಂತರು. ಕೊನೆಗೆ, ಭಾಂಡೆ ಅಂದ ಮೇಲೆ ಬೆಳಗಬೇಕು ಅಂತಷ್ಟೇ ತಿಳಿದಿದ್ದೆ ಎಂದು ಸಣ್ಣ ದನಿಯಲ್ಲಿ ಹೇಳಿ ಒಳಗೆ ಹೋದರು.

ಅಪ್ಪ ಆ ರವಿವಾರವೇ ಸೆಟ್ ಒಯ್ಯಲು ಬರುವವನಿದ್ದ. ಅಲ್ಲಿಯವರೆಗೆ ಅಂಗಳದಲ್ಲಿ ತಿಕ್ಕುವ ಸಪ್ಪಳವೇ ಇಲ್ಲ. ಹೊಗೆ ಹಿಡಿದ ಹಂಡೆಗಳು ಬಂದು ಹಾಗೇ ಬಿದ್ದಿದ್ದವು. ಕಾಕಾ ನನ್ನನ್ನು ಕಂಡು, ಆಕೆ ಊಟ ಸರಿಯಾಗಿ ಮಾಡುತ್ತಿಲ್ಲ ಎಂದರು. ಶನಿವಾರ ಕಾಕು ನನ್ನ ಬಾಗಿಲಿಗೆ ಬಂದು, ತಾಳಗಳನ್ನು ಒಲೆಯ ಮೇಲೆ ಕಟ್ಟಿ ಹೊಗೆ ಹಾಕಿದರೆ ಕಪ್ಪು ತಿರುಗಿ ಬರುವುದಿಲ್ಲವೇ ಎಂದು ಕೇಳಿದರು. ತಮಾಷೆಗಲ್ಲ, ಹಗ್ಗವನ್ನೂ ತಂದಿದ್ದರು. ನನ್ನ ಸಿಟ್ಟೆಲ್ಲ ಅಲ್ಲೇ ಕರಗಿತು. ಹೆದರಿಕೆ ಮಾತ್ರ ಹಾಗೇ ಉಳಿಯಿತು. ಕೊನೆಯ ಸಲ ಬಾರಿಸಲು ಬರುವ ಮನುಷ್ಯನಿಗೆ ಅವನದೇ ದನಿ ಸಿಗದೆ ಹೋದರೆ?

ಅಪ್ಪ ಬಂದ. ತಾಳಗಳನ್ನು ಕಂಡು ಚಪ್ಪಲಿ ಬಿಡುವುದನ್ನೂ ಮರೆತು ನಿಂತ. ಒಂದನ್ನು ಎತ್ತಿ, ನಡುವಿನ ತೂತಿನಲ್ಲಿ ಬೆರಳಿಟ್ಟು ತೂಗಿಸಿ, ಅಂಚಿಗೆ ಉಗುರಿನಿಂದ ತಟ್ಟಿ ಕಿವಿಗೆ ಹಿಡಿದ. ಸೆಟ್ಟನ್ನು ಅಂಗಳಕ್ಕೆ ತರಿಸಿದ. ಒಂದೊಂದೇ ಡ್ರಮ್ ಜೋಡಿಸಿ, ಚಾವಿಯಿಂದ ಬಿಗಿ ಮಾಡಿ, ತಾಳಗಳನ್ನು ಕಂಬಕ್ಕೆ ಏರಿಸುವವರೆಗೂ ಕಾಕು ತಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡೇ ಇದ್ದರು.

ಅಪ್ಪ ಮೊದಲು ಮೆಲ್ಲಗೆ ಬಾರಿಸಿದ. ಆಮೇಲೆ ಜಯಂತಿಯ ಹಾಡಿನ ನಡೆ ಹಿಡಿದ. ತಾಳಕ್ಕೆ ಏಟು ಬಿದ್ದಾಗೆಲ್ಲ ಅಂಗಳದಲ್ಲಿದ್ದ ಹಂಡೆಗಳು ಸಣ್ಣಗೆ ಗುಂಯ್ ಎಂದವು. ನನ್ನ ಕಿವಿಗೆ ಅದು ಮೊದಲಿನ ದನಿಯೇ. ಆದರೆ ನನ್ನ ಕಿವಿಯನ್ನು ಯಾರು ಕೇಳಿದರು? ಅಪ್ಪ ಅಂಗೈಯಿಂದ ತಾಳ ಹಿಡಿದು ನಿಲ್ಲಿಸಿ ಕಾಕು ಕಡೆ ನೋಡಿದ.

"ಯಾತರಲೆ ತಿಕ್ಕೀರಿ ಬಾಯಾರ?"

ನಿಂಬೆಹಣ್ಣು, ಬೂದಿ ಎಂದರು ಕಾಕು. ಎಷ್ಟು ದಿನ ಎಂದು ಕೇಳಿದ್ದಕ್ಕೆ, ಅಕ್ಕೋರು ತರಬೇತಿಗೆ ಹೋದಾಗಿನಿಂದ ತಿರುಗಿ ಬರುವತನಕ ಬರೀ ಅದೇ ಕೆಲಸ ಎಂದರು.

"ದನಿ ಏನೂ ಹೋಗಿಲ್ರಿ," ಎಂದ ಅಪ್ಪ. "ಮುದಿ ದನಿಗೆ ಜರಾ ಹರೇ ಬಂದೈತಿ ಅಷ್ಟ. ಆದ್ರ ಈ ಕಪ್ಪು ಕೂಡಾಕ ಮತ್ತ ಹತ್ತು ವರ್ಸ ಬೇಕು. ಅಲ್ಲೀತನಾ ನಾನ ಬಾರಸಬೇಕಾಕ್ಕೈತಲ್ಲ."

ಕಾಕು ಇದ್ದಲ್ಲೇ, ಧೂಳು ತುಂಬಿದ ಅಂಗಳದ ನೆಲದ ಮೇಲೆ, ಒರೆಸದೆ ಕುಳಿತುಬಿಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡರು. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಚಹಾ ಮಾಡಿದರು, ತಾವೂ ಕುಡಿದರು.

ಟೆಂಪೋಗೆ ಸಾಮಾನು ಹೇರುವಾಗ ಅಪ್ಪ ನನ್ನನ್ನು ಬದಿಗೆ ಕರೆದ. ನಾನು ತಪ್ಪು ಒಪ್ಪಿಸುವವಳ ಹಾಗೆ, ಕೀಲಿಕೈ ಕೊಟ್ಟು ಹೋಗಬಾರದಿತ್ತು ಎಂದೆ. ಅವನು ತಲೆಯಾಡಿಸಿದ.

"ನಿಮ್ಮಜ್ಜನ ಹಲಗಿ ಊರಾಗ ಎಲ್ಲಾರಿಗೂ ಬೇಕಾಗಿತ್ತವಾ, ಮುಟ್ಟಾಕ ಮಾತ್ರ ಯಾರಿಗೂ ಬ್ಯಾಡಾಗಿತ್ತು," ಎಂದ. "ಈ ಬಾಯಿ ಅಷ್ಟು ದಿನ ತೊಡಿಮ್ಯಾಲ ಇಟಗೊಂಡ ತಿಕ್ಕ್ಯಾಳ. ನೀ ಆಕಿಗೆ ಏನೂ ಅನಬ್ಯಾಡ."

ಇದು ನನಗೆ ಹೊಳೆದೇ ಇರಲಿಲ್ಲ.

ಅಪ್ಪ ಇನ್ನೂ ಬಾರಿಸುತ್ತಿದ್ದಾನೆ. ಹೆಗಲ ನೋವಿಗೆ ಎಣ್ಣೆ ಹಚ್ಚಿಕೊಂಡು, ಕೂರುವ ಸ್ಟೂಲನ್ನು ತುಸು ಎತ್ತರಿಸಿಕೊಂಡು. ನನಗೆ ಮುಂದೆ ಬಸವನ ಬಾಗೇವಾಡಿಯ ಕಡೆ ವರ್ಗವಾಯಿತು. ಕಾಕು ಜೊತೆ ಫೋನಿನಲ್ಲಿ ಆಗಾಗ ಮಾತು ಇತ್ತು. ಆಮೇಲೆ ಅವರು ಎತ್ತುವುದು ನಿಂತಿತು. ಹೋದ ಚಳಿಗಾಲದಲ್ಲಿ ಲಚ್ಯಾಣದಲ್ಲಿ ಸಹೋದ್ಯೋಗಿಯೊಬ್ಬರ ಮನೆಯ ಕಾರ್ಯಕ್ಕೆ ಹೋದವಳು ತಿರುಗಿ ಬರುವಾಗ ಇಂಡಿಯಲ್ಲಿ ಇಳಿದೆ. ಓಣಿಗೆ ಹೋದರೆ ಬಾಗಿಲಿಗೆ ಕೀಲಿ. ಪಕ್ಕದ ಸಂದಿಯಿಂದ ಇಣುಕಿದರೆ ಅಂಗಳದಲ್ಲಿ ಒಂದು ಪಾತ್ರೆಯೂ ಇಲ್ಲ. ಎದುರು ಮನೆಯಲ್ಲಿ ಕೇಳಬಹುದಿತ್ತು. ಏನು ಹೇಳುತ್ತಾರೋ ಎಂಬ ಭಯಕ್ಕೆ ಬಾಗಿಲ ಕಟ್ಟೆಯ ಮೇಲೆ ಕುಳಿತೆ.

ಆಗ ಓಣಿಯ ತಿರುವಿನಲ್ಲಿ ಟಂಟಂ ಸಪ್ಪಳವಾಯಿತು. ಕಾಕಾ ನಡೆಸುತ್ತಿದ್ದರು. ಹಿಂದೆ, ಹಂಡೆ ಕೊಪ್ಪರಿಗೆಗಳ ನಡುವೆ, ಕಾಲು ಚಾಚಿಕೊಂಡು ಕಾಶೀಬಾಯಿ ಕಾಕು ಕುಳಿತಿದ್ದರು. ಅಗರಖೇಡದ ಲಗ್ನವೊಂದಕ್ಕೆ ತಾವೇ ಹೋಗಿದ್ದರಂತೆ. ಫೋನು ಎಂದೋ ನೀರಿನ ಹಂಡೆಯಲ್ಲಿ ಬಿದ್ದು ಕೆಟ್ಟಿತ್ತಂತೆ. ನನಗೆ ಹೋದ ಉಸಿರು ಬಂದಂತಾಯಿತು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಮೈ ಸೊರಗಿತ್ತು, ದನಿ ಮಾತ್ರ ಅದೇ. ಅಪ್ಪ ಬಾರಿಸುತ್ತಾನೋ ಇಲ್ಲವೋ ಎಂದು ಮೊದಲು ಕೇಳಿದರು. ಹೌದು ಎಂದ ಮೇಲೆಯೇ ಗಾಡಿಯಿಂದ ಇಳಿದರು.

ಕೀಲಿ ತೆಗೆದು, ದೊಡ್ಡ ಕೊಪ್ಪರಿಗೆಯ ಒಂದು ಕಡಗವನ್ನು ತಾವು ಹಿಡಿದು ನನ್ನ ಕಡೆ ನೋಡಿದರು.

"ಆ ಕಡೆ ಹಿಡೀರಿ ಅಕ್ಕೋರ. ಒಳಗ ಒಯ್ಯೂಣು."

ಪಾತ್ರೆಗಳನ್ನು ಇಡುವ ಕೋಣೆ ಅಡಿಗೆಮನೆ, ದೇವರ ಜಗುಲಿ ದಾಟಿ ಒಳಗಿತ್ತು. ಅದೇ ಅಂಗಳದಲ್ಲಿ ಅಷ್ಟು ವರ್ಷ ಇದ್ದರೂ ನಾನು ಪಡಸಾಲೆ ದಾಟಿದವಳಲ್ಲ. ಅವರು ಕರೆದಿರಲಿಲ್ಲ, ನಾನೂ ಹೋಗಿರಲಿಲ್ಲ. ಅದರ ಬಗ್ಗೆ ನಮ್ಮಲ್ಲಿ ಒಂದು ಮಾತೂ ಆಗಿರಲಿಲ್ಲ. ಈಗಲೂ ಆಗಲಿಲ್ಲ. ಬಾಗಿಲು ಗಿಡ್ಡ, ತಲೆ ಬಗ್ಗಿಸಿ ಎಂದಷ್ಟೇ ಹೇಳಿ ಅವರು ಹಿಮ್ಮುಖವಾಗಿ ನಡೆದರು. ನಾನು ಕಡಗ ಹಿಡಿದು ಅವರ ಎದುರಿಗೇ ಹೆಜ್ಜೆ ಹಾಕಿದೆ. ಒಲೆ ದಾಟಿತು, ಜಗುಲಿಯ ದೀಪ ದಾಟಿತು. ಒಳಗಿನ ತಂಪು ಕತ್ತಲಲ್ಲಿ ಇಬ್ಬರೂ ಸೇರಿ ಕೊಪ್ಪರಿಗೆ ಇಳಿಸಿದೆವು.

"ಇನ್ನೂ ಅದಾವ್ರಿ," ಎಂದರು ಕಾಕು.

ನಾನು ಕೈಚೀಲವನ್ನು ಅವರ ಒಲೆಕಟ್ಟೆಯ ಪಕ್ಕದಲ್ಲಿಟ್ಟು, ಮುಂದಿನ ಪಾತ್ರೆ ತರಲು ಹೊರಗೆ ಹೋದೆ.