ಎರಡು ತುದಿಯ ಪೆನ್ಸಿಲು

ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ. ಅಂಥ ಪೆನ್ಸಿಲು ಈಗಲೂ ಅಂಗಡಿಯಲ್ಲಿ ಸಿಗುತ್ತದೆಂದು ನನಗೆ ಗೊತ್ತಿರಲಿಲ್ಲ. ಮೊನ್ನೆ ಸಂಜೆ ನಮ್ಮ ಗೇಟಿನ ಎದುರು ನಿಂತವರ ಕಿವಿಯ ಮೇಲೆ ಅದಿತ್ತು, ಕಂಕುಳಲ್ಲಿ ಮತದಾರರ ಪಟ್ಟಿ. ನೋಡಿದ ಕೂಡಲೇ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅದೇನೂ ದೊಡ್ಡ ವಿಷಯವಲ್ಲ. ಕರೆಂಟು ಬಿಲ್ಲಿನವರು ಬಂದರೂ ನಾನು ಹಿಂದೆ ಸರಿಯುತ್ತೇನೆ. ಆದರೆ ಈ ಸಲ ಕಾರಣವಿತ್ತು.

ನೀವು ಈ ಕಡೆಯವರಲ್ಲದಿದ್ದರೆ ಆ ಪೆನ್ಸಿಲಿನ ಕೆಲಸ ಹೇಳಬೇಕು. ಲಾಯಿಲದಿಂದ ಸ್ವಲ್ಪ ಒಳಗೆ, ಗುಡ್ಡ ಕಡಿದು ಸಮತಟ್ಟು ಮಾಡಿ ಐದೈದು ಸೆಂಟ್ಸಿನ ಸೈಟು ಮಾಡಿದ ಬಡಾವಣೆ ನಮ್ಮದು. ಚುನಾವಣೆ ಬಂತೆಂದರೆ ಎರಡೂ ಪಕ್ಷದವರು ಪಟ್ಟಿ ಹಿಡಿದು ಬರುತ್ತಾರೆ. ತಮ್ಮವರಿಗೆ ನೀಲಿ ಗೀಟು, ಆಚೆಯವರಿಗೆ ಕೆಂಪು, ಯಾವ ಕಡೆಯೆಂದು ಹೇಳಲಾಗದವರಿಗೆ ಪ್ರಶ್ನೆ ಚಿಹ್ನೆ. ಓಟಿನ ದಿನ ನೀಲಿಯವರ ಬಾಗಿಲಿಗೆ ರಿಕ್ಷಾ ಬರುತ್ತದೆ. ಹಾಗೆ ಕರೆದೊಯ್ಯಬಾರದೆಂದು ಕಾನೂನು ಉಂಟು, ರಿಕ್ಷಾವೂ ಉಂಟು. ಓಟು ಹಾಕಲಿಕ್ಕೆಂದೇ ಮುಂಬೈಯಿಂದ ಬಸ್ಸು ಹಿಡಿದು ಬರುವವರ ಊರು ಇದು. ಹಾಕದೆ ಕೂತವನನ್ನು ಮದುವೆಗೆ ಬಂದು ಊಟ ಮಾಡದೆ ಹೋದವನ ಹಾಗೆ ನೋಡುತ್ತಾರೆ.

ಯಾರ ಓಟು ಯಾರಿಗೆಂದು ಅವರನ್ನೇ ಕೇಳುವುದು ಇಲ್ಲಿ ಮರ್ಯಾದೆಯಲ್ಲ. ಪಕ್ಕದ ಮನೆಯವರನ್ನು ಕೇಳುವುದು ಮರ್ಯಾದೆ. ಲೀಲಕ್ಕನ ಪಕ್ಕದ ಮನೆಯವನು ನಾನು.

ನಾನು ವಿಮಾ ಏಜೆಂಟ್. ಎರಡೂ ಪಕ್ಷದವರೂ ಸಾಯುವವರೇ ಆದ್ದರಿಂದ ನನಗೆ ಎರಡೂ ಕಡೆಯವರು ಬೇಕು. ಹಾಗಾಗಿ ಯಾರು ಬಂದರೂ, "ನಮ್ಮ ಮನೆಯದ್ದು ನಿಮಗೆ ಗೊತ್ತುಂಟಲ್ಲ," ಎಂದು ನಗುತ್ತಿದ್ದೆ. ಅವರೂ ನಕ್ಕು ನೀಲಿ ಎಳೆಯುತ್ತಿದ್ದರು.

ಲೀಲಕ್ಕ ಅಂಗನವಾಡಿ ಟೀಚರ್ ಆಗಿ ನಿವೃತ್ತರಾದವರು. ಬೂತಿನ ಮೊದಲ ಓಟು ತನ್ನದೇ ಆಗಬೇಕು ಎಂಬುದು ಅವರ ಹಟ. ಬೆಳಿಗ್ಗೆ ಆರೂ ಮುಕ್ಕಾಲಿಗೆ ಶಾಲೆಯ ಗೇಟಿನಲ್ಲಿ ನಿಂತು, ಹಾಕಿ ಬಂದ ಮೇಲೆ ಇಡೀ ಬಡಾವಣೆಯನ್ನು ಬೆರಳು ತೋರಿಸಿ ಎಬ್ಬಿಸುತ್ತಿದ್ದರು. ಓಟು ಯಾರಿಗೆಂದು ಮಾತ್ರ ಮಗಳಿಗೂ ಹೇಳಿದವರಲ್ಲ.

ಕಳೆದ ಚುನಾವಣೆಗೆ ತಿಂಗಳಿರುವಾಗ ಅವರು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಮನೆಗೆ ಬಂದು ಕೂತು ಭಾಷಣ ಮಾಡುವವರನ್ನು ಕಂಡರೆ ಅವರಿಗೆ ಮೊದಲೇ ಆಗುವುದಿಲ್ಲ. ಆಗ ನನಗೊಂದು ಬುದ್ಧಿ ಹೊಳೆಯಿತು. ನನಗೆ ಹೊಳೆಯುವ ಬುದ್ಧಿಗಳ ಬಗ್ಗೆ ನನ್ನ ಹೆಂಡತಿಯನ್ನು ಕೇಳಬೇಕು. ಒಂದು ಪಕ್ಷದವರು ಬಂದು, "ಲೀಲಕ್ಕನದ್ದು ಹೇಗೆ?" ಎಂದಾಗ, "ಅವರದ್ದು ಆಚೆಯೇ, ಅಲ್ಲಿಗೆ ಹೋಗಿ ಸುಮ್ಮನೆ ಯಾಕೆ," ಎಂದೆ. ಮರುದಿನ ಇನ್ನೊಂದು ಪಕ್ಷದವರಿಗೂ ಅದನ್ನೇ ಹೇಳಿದೆ. ಯಾರೂ ಅವರ ಮೆಟ್ಟಿಲು ಹತ್ತಲಿಲ್ಲ. ಒಂದು ಉಪಕಾರ ಮಾಡಿದೆನೆಂದು ನಾನು ಆ ದಿನ ಎರಡು ಲೋಟ ಚಾ ಹೆಚ್ಚು ಕುಡಿದೆ.

ಓಟಿನ ದಿನ ಬೆಳಿಗ್ಗೆ ನಮ್ಮ ಗೇಟಿಗೆ ರಿಕ್ಷಾ ಬಂತು. ಅದರ ಹಿಂದೆಯೇ ಇನ್ನೊಂದು ಪಕ್ಷದ್ದು. ಕೈಕಾಲು ಗಟ್ಟಿಯಿದ್ದ ನನಗೆ ಎರಡೆರಡು ವಾಹನ. ಹಿಂಬಾಗಿಲಿನಿಂದ ಹೊರಬಿದ್ದು, ನಡೆದೇ ಹೋಗಿ ಓಟು ಹಾಕಿ, ಫೋನು ಆಫ್ ಮಾಡಿ, ಮಡಂತ್ಯಾರಿನ ಅಕ್ಕನ ಮನೆಗೆ ಹೋಗಿ ಅಡಗಿ ಕೂತೆ.

ಮರಳಿ ಬಂದಾಗ ಮತದಾನ ಮುಗಿದಿತ್ತು. ಲೀಲಕ್ಕ ಜಗಲಿಯ ಕುರ್ಚಿಯಲ್ಲಿದ್ದರು. ಇಸ್ತ್ರಿ ಹಾಕಿದ ಸೀರೆ, ಕೈಯಲ್ಲಿ ಮಡಚಿದ ಓಟಿನ ಚೀಟಿ. ಮಗಳು ಟೀಚರ್, ಚುನಾವಣೆ ಡ್ಯೂಟಿಗೆಂದು ಮೂಡಬಿದಿರೆಗೆ ಹೋಗಿದ್ದಳು.

"ನಿಮಗೆ ನಾಲ್ಕು ಸಲ ಫೋನ್ ಮಾಡಿದೆ," ಎಂದರು.

"ಚಾರ್ಜ್ ಇರ್ಲಿಲ್ಲ ಲೀಲಕ್ಕ."

"ಎಷ್ಟು ರಿಕ್ಷಾ ಹೋಯ್ತು ಮಾರಾಯ್ರೆ ಈ ದಾರಿಯಲ್ಲಿ. ನಾನು ಕೈ ತೋರಿಸಿದೆ. ಅವರೂ ಕೈ ಬೀಸಿದ್ರು, ಟಾಟಾ ಮಾಡುವ ಹಾಗೆ. ಒಬ್ಬ ನಮ್ಮ ಅಂಗನವಾಡಿಯಲ್ಲಿ ಇದ್ದವನೇ." ಚೀಟಿಯನ್ನು ಇನ್ನೊಂದು ಮಡಿಕೆ ಮಡಚಿದರು. "ನನ್ನ ಓಟು ಯಾರಿಗೂ ಬೇಡ ಅಂತ ಆಯ್ತಲ್ಲ."

ಶಾಯಿ ಹಚ್ಚಿದ ಬೆರಳನ್ನು ನಾನು ಕಿಸೆಯೊಳಗೆ ಹಾಕಿಕೊಂಡೆ. ಹೇಳಬೇಕಿತ್ತು, ಹೇಳಲಿಲ್ಲ. ಆಮೇಲೆ ಅವರು ಬಡಾವಣೆಯ ಮೀಟಿಂಗಿಗೆ ಬರುವುದನ್ನು ಬಿಟ್ಟರು. ಕಾಲು ನೋವಂತೆ, ಎಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರಿಗಿಂತ ಮೊದಲು ನಾನೇ ಹೇಳುತ್ತಿದ್ದೆ.

ಮೊನ್ನೆ ಬಂದವರು ಪಟ್ಟಿ ಬಿಡಿಸಿ, "ಲೀಲಕ್ಕನದ್ದು ಹೇಗೆ ಸರ್? ಹಳೇ ಪಟ್ಟಿಯಲ್ಲಿ ಕೆಂಪು ಉಂಟು," ಎಂದರು.

"ನನಗೆ ಗೊತ್ತಿಲ್ಲ," ಎಂದೆ. "ಆಗಲೂ ಗೊತ್ತಿರ್ಲಿಲ್ಲ."

"ಹಾಗಾದ್ರೆ ಪ್ರಶ್ನೆ ಚಿಹ್ನೆ ಹಾಕ್ತೇನೆ."

"ನನಗೂ ಅದನ್ನೇ ಹಾಕಿ."

ಅವರು ನನ್ನನ್ನು ಜ್ವರ ಬಂದವನನ್ನು ನೋಡುವ ಹಾಗೆ ನೋಡಿದರು. ಅವರು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು, ಧೈರ್ಯ ಆರುವ ಮೊದಲು ಲೀಲಕ್ಕನ ಜಗಲಿ ಹತ್ತಿದೆ. ಅವರು ಪಲ್ಯಕ್ಕೆ ಅಲಸಂಡೆ ಮುರಿಯುತ್ತಿದ್ದರು. ಎಲ್ಲವನ್ನೂ ಹೇಳಿದೆ, ಫೋನಿಗೆ ಚಾರ್ಜ್ ಇತ್ತು ಎಂಬುದನ್ನೂ.

"ಎರಡೂ ಕಡೆಯವರಿಗೂ ಹೇಳಿದ್ರಾ?"

"ಹ್ಞೂಂ."

ಅವರು ಇನ್ನೂ ನಾಲ್ಕೈದು ಅಲಸಂಡೆ ಮುರಿದರು.

"ಇಷ್ಟು ವರ್ಷ ನಾನು ಎಣಿಸಿದ್ದು, ಯಾರಿಗೆ ಎಂತ ತಪ್ಪು ಮಾಡಿದ್ದೇನೆ ಅಂತ. ಆ ರಿಕ್ಷಾದವನಿಗೆ ಸಣ್ಣದಿರುವಾಗ ಒಮ್ಮೆ ಬೈದಿದ್ದೆ. ಅದೇ ಇರಬೇಕು ಅಂತ ಎಣಿಸಿದ್ದೆ."

ನೆಲಕ್ಕೆ ಬಿದ್ದಿದ್ದ ಒಂದು ಅಲಸಂಡೆಯನ್ನು ಹೆಕ್ಕಿ ಕಟ್ಟಿನ ಮೇಲಿಟ್ಟೆ.

"ಈ ಸಲ ಏಳು ಗಂಟೆಗೆ ನಾನೇ ಕಾರು ತರ್ತೇನೆ ಲೀಲಕ್ಕ."

"ಆರೂವರೆಗೆ. ಈಗ ನನ್ನ ನಡಿಗೆ ನಿಧಾನ ಉಂಟು."

"ಆಯ್ತು. ಓಟು ಯಾರಿಗೆ ಅಂತ ಕೇಳುವುದಿಲ್ಲ."

"ಕೇಳಿದ್ರೂ ಹೇಳ್ಲಿಕ್ಕಿಲ್ಲ," ಎಂದರು ಲೀಲಕ್ಕ, ತಲೆ ಎತ್ತದೆ. "ನಿಮ್ಮಲ್ಲಿ ಹೇಳಿದ್ರೆ ಎರಡೂ ಕಡೆಗೆ ಗೊತ್ತಾಗ್ತದೆ."

ಆಮೇಲೆ ಅಲಸಂಡೆಯ ಕಟ್ಟಿನಲ್ಲಿ ಅರ್ಧವನ್ನು ನನ್ನ ಕಡೆಗೆ ದೂಡಿದರು. ನಾನು ಚಪ್ಪಲಿ ಕಳಚಿ ಕೂತೆ.