ನೀಲಿ ಡಬ್ಬಿಯ ನರ್ಸಮ್ಮ

ನಮ್ಮ ವಠಾರಕ್ಕೆ ಬಾಡಿಗೆಗೆ ಬಂದ ನರ್ಸಮ್ಮನಿಗೆ ಮುಂದಿನ ಒಂದು ಹಲ್ಲು ಇರಲಿಲ್ಲ. ಕಿರುಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಗಂಡ ಟೈಲರ್. ಇಷ್ಟು ಸಾಕ್ಷ್ಯ ಸಿಕ್ಕಮೇಲೆ ನನ್ನಂಥ ಪ್ರಜ್ಞಾವಂತ ಸುಮ್ಮನಿರಲು ಸಾಧ್ಯವೇ? ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಯ ಮೇಲೆ ಕೈಮಾಡುವುದು ಹೇಡಿತನವೆಂದು ತಿಳಿಹೇಳಲು ಅವನ ಅಂಗಡಿಗೆ ಹೋದೆ.

ಟೈಲರ್ ಕಾಜಾ ಹಾಕುತ್ತಲೇ ನನ್ನ ಉಪದೇಶವನ್ನೆಲ್ಲ ಕೇಳಿದ. ಆಮೇಲೆ ತುಟಿಗಳ ನಡುವಿದ್ದ ಗುಂಡುಪಿನ್ನು ತೆಗೆದು, "ಸಾರ್, ಆ ಮನೇಲಿ ಹೆದರಿಕೊಂಡು ಬದುಕ್ತಿರೋನು ನಾನು," ಎಂದ. "ಹಲ್ಲು ಹೋಗಿದ್ದು ಒಬ್ಬ ಅಜ್ಜ ಬೀಸಿದ ಕೋಲಿಗೆ. ಬೆರಳು, ಯಾರೋ ಮುಖಕ್ಕೆ ಬಾಗಿಲು ಹಾಕಿದ್ರು, ಇವಳು ಕೈ ತೆಗೀಲಿಲ್ಲ."

"ಅಂಥ ಕೆಲಸ ಯಾವುದಪ್ಪ?"

"ಲಸಿಕೆ ಹಾಕೋದು."

ಅಂಗಿಯ ಇಸ್ತ್ರಿ ಕೆಡುವ ಮೊದಲೇ ನಾನು ಮನೆಗೆ ಮರಳಿದೆ.

ಆ ಕೆಲಸವನ್ನು ಕಣ್ಣಾರೆ ಕಂಡದ್ದು ಹೆಣ್ಣುಮಕ್ಕಳ ಶಾಲೆಯಲ್ಲಿ. ಗರ್ಭಕಂಠದ ಕ್ಯಾನ್ಸರ್ ಬಾರದಂತೆ ತಡೆಯುವ ಲಸಿಕೆಯನ್ನು ಹದಿವಯಸ್ಸಿನ ಹುಡುಗಿಯರಿಗೆ ಶಾಲೆಯಲ್ಲೇ ಉಚಿತವಾಗಿ ಹಾಕಬೇಕೆಂದು ಸರ್ಕಾರ ತೀರ್ಮಾನಿಸಿತ್ತು. ಭಾಷಣವಿಲ್ಲದೆ ಚುಚ್ಚಿದರೆ ಲಸಿಕೆ ಹತ್ತುವುದಿಲ್ಲವೆಂದು ಹೆಡ್‌ಮೇಡಂಗೆ ಅನ್ನಿಸಿರಬೇಕು. ಬಡಾವಣೆ ಸಂಘದ ಅಧ್ಯಕ್ಷರನ್ನೂ ನನ್ನನ್ನೂ ಕರೆದು ವೇದಿಕೆಯಲ್ಲಿ ಕೂರಿಸಿದ್ದರು. ನರ್ಸಮ್ಮ ಮೂಲೆಯ ಮೇಜಿನ ಮೇಲೆ ಲಸಿಕೆಯ ನೀಲಿ ಡಬ್ಬಿ ಇಟ್ಟುಕೊಂಡು, ನಮ್ಮ ಮಾತು ಮುಗಿಯಲೆಂದು ಗಡಿಯಾರ ನೋಡುತ್ತಿದ್ದಳು.

ಅಧ್ಯಕ್ಷರು ಮೈಕ್ ಹಿಡಿದರು. "ಮರ್ಯಾದಸ್ಥರ ಮನೆಯವರಿಗೆ ಈ ರೋಗದ ಭಯವಿಲ್ಲ. ಹೆಂಗಸಿನ ನಡತೆ ನೆಟ್ಟಗಿದ್ದರೆ ಇದು ಹತ್ತಿರವೂ ಸುಳಿಯುವುದಿಲ್ಲ. ಆದರೂ ಸರ್ಕಾರ ಕೊಟ್ಟಿದೆ, ಹಾಕಿಸಿಕೊಳ್ಳಿ."

ಮುಂದಿನ ಸಾಲಿನಲ್ಲಿ ಮಗಳ ಪಕ್ಕ ಗ್ಯಾರೇಜಿನ ಮೆಕ್ಯಾನಿಕ್‌ನ ಹೆಂಡತಿ ಕುಳಿತಿದ್ದಳು. ಅದೇ ಕ್ಯಾನ್ಸರಿನ ಚಿಕಿತ್ಸೆಗೆ ಕೂದಲೆಲ್ಲ ಉದುರಿ, ತಲೆಗೆ ಬಟ್ಟೆ ಸುತ್ತಿಕೊಂಡಿದ್ದಳು. ಇಡೀ ಸಭೆ ಅವಳತ್ತ ತಿರುಗಿತು.

ಹಿಂದೆ ಕುರ್ಚಿ ಮುರಿದ ಸದ್ದಾಯಿತು. ಗ್ಯಾರೇಜಿನಿಂದ ನೇರ ಬಂದಿದ್ದ ಮೆಕ್ಯಾನಿಕ್ ಕೈಯಲ್ಲಿ ಸ್ಪ್ಯಾನರ್ ಹಿಡಿದೇ ವೇದಿಕೆಗೆ ನುಗ್ಗಿದ. "ಯಾರ ನಡತೆ ಬಗ್ಗೆ ಮಾತಾಡ್ತಿದ್ದೀಯೋ?" ಒಂದೇ ಗುದ್ದಿಗೆ ಅಧ್ಯಕ್ಷರ ಕನ್ನಡಕ ಮೂಗಿನೊಳಕ್ಕೆ ಹೂತಿತು. ಅವರು ಮೇಜಿನ ಕೆಳಗೆ ತೂರಿಕೊಂಡರು. ಅಲ್ಲಿ ಅಷ್ಟೇನೂ ಜಾಗವಿರಲಿಲ್ಲ, ನಾನು ಆಗಲೇ ಇದ್ದೆ.

"ಈ ದರಿದ್ರ ಸೂಜಿಯಿಂದಲೇ ನನ್ನ ಮನೆ ಮಾನ ಬೀದಿಗೆ ಬಂತು," ಎಂದು ಅವನು ನೀಲಿ ಡಬ್ಬಿಯತ್ತ ತಿರುಗಿದ.

ನರ್ಸಮ್ಮ ಡಬ್ಬಿಯ ಮೇಲೆ ಬಿದ್ದು ಅವುಚಿಕೊಂಡಳು. ಸ್ಪ್ಯಾನರಿನ ಮೊದಲ ಏಟಿಗೆ ಹುಬ್ಬು ಬಿರಿಯಿತು. ಎರಡನೆಯದು ಎಡಭುಜಕ್ಕೆ, ಒಣಸೌದೆ ಮುರಿದಂತೆ ಕೇಳಿಸಿತು. ನೀಲಿ ಮುಚ್ಚಳದ ಮೇಲೆ ರಕ್ತ ತೊಟ್ಟಿಕ್ಕತೊಡಗಿತು.

"ನನ್ನ ಬೇಕಾದ್ರೆ ಹೊಡಿ," ಎಂದಳು ಉಸಿರು ಕಟ್ಟಿಕೊಂಡು. "ಡಬ್ಬಿ ಒಡೆದರೆ ಇವತ್ತು ನಿನ್ನ ಮಗಳಿಗೂ ಇಲ್ಲ, ಯಾರಿಗೂ ಇಲ್ಲ."

ಅವನು ಮತ್ತೆ ಕೈಯೆತ್ತಿದ. ಆ ಕೈಗೆ ಹೆಂಡತಿ ಜೋತುಬಿದ್ದಳು. ಎಳೆದಾಟದಲ್ಲಿ ತಲೆಯ ಬಟ್ಟೆ ಜಾರಿ, ಬೋಳು ತಲೆ ಎಲ್ಲರಿಗೂ ಕಂಡಿತು. ಅವಳು ಸರಿಮಾಡಿಕೊಳ್ಳಲಿಲ್ಲ.

"ನಿಮ್ಮೊಬ್ಬರನ್ನು ಬಿಟ್ಟು ನಾನು ಯಾರ ಹತ್ತಿರ ಹೋಗಿದ್ದೆ, ಹೇಳಿ," ಎಂದಳು ಮೆಲ್ಲಗೆ. "ಹಾಗಾದರೆ ನನಗಿದು ಎಲ್ಲಿಂದ ಬಂತು?"

ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಮೇಜಿನ ಕೆಳಗೆ ಅಧ್ಯಕ್ಷರು ತಮ್ಮ ಬೂಟಿನ ಲೇಸು ಬಿಗಿಯತೊಡಗಿದರು.

ನರ್ಸಮ್ಮ ತೋಳಿನಿಂದ ಕಣ್ಣ ಮೇಲಿನ ರಕ್ತ ಒರೆಸಿಕೊಂಡಳು. "ಈ ಕ್ಯಾನ್ಸರ್ ತರೋ ವೈರಸ್ ಯಾರ ನಡತೆನೂ ವಿಚಾರಿಸಿಕೊಂಡು ಬರಲ್ಲಪ್ಪ. ನೆಟ್ಟಗೆ ಸಂಸಾರ ಮಾಡಿದವರಿಗೂ ಬರುತ್ತೆ. ಅದು ಬರೋಕೆ ಮುಂಚೆ ಲಸಿಕೆ ಬಿದ್ದಿರಬೇಕು, ಅಷ್ಟೆ." ಆಮೇಲೆ ತಾಯಿಯ ಕಡೆ ತಿರುಗಿದಳು. "ಹಾಕಲೋ ಬೇಡವೋ?"

"ಹಾಕಿ ಅಕ್ಕ. ಇವಳಿಗೆ ಬೇರೆ ಏನಾದರೂ ಕೊಟ್ಟು ಹೋಗೋಣ ಅಂದರೆ ನನಗೆ ಉಳಿದಿರೋ ಟೈಮು ಸಾಲದು."

ಹುಡುಗಿ ತಾನೇ ಅಂಗಿಯ ತೋಳು ಮೇಲಕ್ಕೆ ಮಡಚಿದಳು. ನರ್ಸಮ್ಮ ಹಣೆಗೆ ಟವೆಲ್ ಕಟ್ಟಿಸಿಕೊಂಡು, ಸೋಪು ಹಾಕಿ ಕೈ ತೊಳೆದು, ಬಲಗೈಯಲ್ಲಿ ಚುಚ್ಚಿದಳು. ಮೆಕ್ಯಾನಿಕ್ ನೆಲದ ಮೇಲೆ ಕುಳಿತು ಮುಖ ಮುಚ್ಚಿಕೊಂಡ. ಪೊಲೀಸರು ಬಂದು ಅವನನ್ನು ಎಬ್ಬಿಸಿಕೊಂಡು ಹೋಗುವಷ್ಟರಲ್ಲಿ ಉಳಿದ ಹುಡುಗಿಯರು ಸಾಲಾಗಿ ನಿಂತಿದ್ದರು. ನನ್ನ ಭಾಷಣವನ್ನು ಯಾರೂ ಕೇಳಲಿಲ್ಲ.

ಕಿತ್ತಳೆ ಹಣ್ಣು ಹಿಡಿದು ನರ್ಸಮ್ಮನನ್ನು ನೋಡಲು ಹೋದಾಗ ಅವಳ ಭುಜಕ್ಕೆ ಬ್ಯಾಂಡೇಜು, ಹುಬ್ಬಿಗೆ ಹೊಲಿಗೆ. ಟೈಲರ್ ಹೊಲಿಗೆಯನ್ನು ಓರೆಗಣ್ಣಿನಿಂದ ನೋಡಿ, "ನನ್ನ ಹತ್ತಿರ ತಂದಿದ್ರೆ ಇದಕ್ಕಿಂತ ನೀಟಾಗಿ ಹಾಕಿಕೊಡ್ತಿದ್ದೆ ಸಾರ್," ಎಂದ.

"ಬಾಯಿ ಮುಚ್ಕೊಂಡು ಹಣ್ಣು ಸುಲಿ," ಎಂದಳು ಹೆಂಡತಿ.

ಇಂಥ ಸಂದರ್ಭದಲ್ಲಿ ಏನಾದರೂ ಘನವಾದದ್ದನ್ನು ಕೇಳಬೇಕೆಂದು ನನಗೆ ಚಪಲ. ಗಂಟಲು ಸರಿಪಡಿಸಿಕೊಂಡು ಕೇಳಿದೆ: "ಅಮ್ಮಾ, ಆ ಮನುಷ್ಯನನ್ನು ನೀವು ಮನಸಾರೆ ಕ್ಷಮಿಸಿದಿರಾ?"

"ಅದನ್ನು ಕೋರ್ಟಿನವರು ನೋಡಿಕೊಳ್ತಾರೆ. ಅವನಿಗೆ ಇನ್ನೊಬ್ಬಳು ಮಗಳಿದ್ದಾಳೆ. ಮುಂದಿನ ವರ್ಷ ಅವಳಿಗೆ ಚುಚ್ಚಬೇಕು."